ಐದು ದಿನದಲ್ಲಿ 27 ಟೊಮೆಟೊ ಸಸಿ: ನಮ್ಮ ಕಿಟಕಿಯ ಒಂದು ಪ್ರಕರಣ

2023ರ ಜುಲೈ ನೆನಪಿದೆ ಅಲ್ವಾ? ಬೆಂಗಳೂರಿನಲ್ಲಿ ಟೊಮೆಟೊ ಕೆಜಿಗೆ 100 ರೂಪಾಯಿ ದಾಟಿತ್ತು. ಕೋಲಾರದ ಮಾರುಕಟ್ಟೆಯಲ್ಲಿ 15 ಕೆಜಿ ಬಾಕ್ಸು 2,000 ರೂಪಾಯಿ ಮೀರಿ ಹೋಯಿತು. ನಮ್ಮ ಮನೆಯಲ್ಲಿ ಸಾರಿಗೆ ಹುಣಸೆಹಣ್ಣು ವಾಪಸ್ ಬಂತು. ಅದೇ ವಾರ ನಾನು ಎರಡು ನಾಟಿ ಟೊಮೆಟೊ ತಂದು, ಕೊಯ್ದು, ಬೀಜ ತೆಗೆದೆ. ಇನ್ನು ಮೂರು ತಿಂಗಳಲ್ಲಿ ಟೊಮೆಟೊ ಕೊಳ್ಳೋದೇ ಬೇಡ ಅನ್ನೋ ಲೆಕ್ಕ.

ಲೆಕ್ಕ ಎಲ್ಲಿ ತಪ್ಪಿತು ಅನ್ನೋದನ್ನು ವಿವರವಾಗಿ ಬರೆದಿಡುತ್ತಿದ್ದೇನೆ. ಮನೆಯಲ್ಲಿ ಬೀಜದಿಂದ ಸಸಿ ಮಾಡಲು ಹೊರಟವರು ಮೊದಲ ಸಲ ಸೋಲುವುದು ಹೆಚ್ಚಾಗಿ ಇದೇ ಜಾಗದಲ್ಲಿ. ಆದರೆ ಯಾಕೆ ಸೋತೆವು ಅಂತ ತಿಳಿಯದೆ ಬೀಜವನ್ನು ಬೈದುಕೊಂಡು ಸುಮ್ಮನಾಗುತ್ತಾರೆ. ನಾನೂ ಸುಮ್ಮನಾಗುತ್ತಿದ್ದೆನೋ ಏನೋ. ಅಪ್ಪ ಫೋನಿನಲ್ಲಿ ನಕ್ಕಿದ್ದರಿಂದ ಹಟ ಬಂತು.

ಮೊದಲು ಮನೆಯ ವಿಷಯ. ಬೆಂಗಳೂರಿನ ಉತ್ತರ ಭಾಗದಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ. ಅಡುಗೆಮನೆಗೆ ಪೂರ್ವದ ಕಿಟಕಿ. ಪೂರ್ವ ಅಂದರೆ ಹೆಸರಿಗೆ ಮಾತ್ರ. ಆ ಕಡೆ ಪಕ್ಕದ ಮನೆಯ ಗೋಡೆ ಕೈಗೆ ಸಿಗುವಷ್ಟು ಹತ್ತಿರ. ಕಿಟಕಿಗೆ ಸೊಳ್ಳೆ ಪರದೆ ಬೇರೆ. ಮೇಲೆ ತಾರಸಿ ಇದೆ, ಓನರ್ ಒಪ್ಪಿಗೆ ಇದೆ, ಆದರೆ ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಮೆಟ್ಟಿಲು ಹತ್ತುವುದು ಯಾರು? ಹಾಗಾಗಿ ಸಸಿಗೆ ಕಿಟಕಿಯೇ ಜಾಗ ಅಂತಾಯಿತು.

ಬೀಜವನ್ನು ಸರಿಯಾಗೇ ಮಾಡಿದ್ದೆ. ತಿರುಳಿನ ಸಮೇತ ಲೋಟಕ್ಕೆ ಹಾಕಿ, ಸ್ವಲ್ಪ ನೀರು ಬೆರೆಸಿ ಎರಡು ದಿನ ಬಿಟ್ಟೆ. ಟೊಮೆಟೊ ಬೀಜದ ಸುತ್ತ ಒಂದು ಲೋಳೆ ಇರುತ್ತದಲ್ಲ, ಹಣ್ಣಿನೊಳಗೇ ಬೀಜ ಮೊಳೆಯದಂತೆ ತಡೆಯುವ ಕೆಲಸದಲ್ಲಿ ಅದರದ್ದೂ ಪಾಲಿದೆ. ಹುಳಿ ಬಂದಾಗ ಆ ಲೋಳೆ ಕರಗುತ್ತದೆ. ಎರಡನೇ ದಿನ ಮೇಲೆ ಬಿಳಿ ಪೊರೆ ಕಟ್ಟಿತ್ತು, ಹುಳಿ ವಾಸನೆ. ಜೊಳ್ಳು ತೇಲಿತು, ಗಟ್ಟಿ ಬೀಜ ತಳದಲ್ಲಿ ಕೂತಿತು. ತೊಳೆದು ಸ್ಟೀಲ್ ತಟ್ಟೆಯಲ್ಲಿ ಹರಡಿದೆ. ಕಾಗದದ ಮೇಲೆ ಹರಡಿದರೆ ಅಂಟಿಕೊಂಡು ಬಿಡುತ್ತದೆ, ಕೀಳಲು ಹೋದರೆ ಕಾಗದವೂ ಬರುತ್ತದೆ. ಒಣಗಿದ ಬೀಜ ಮುಟ್ಟಿದರೆ ಮಖಮಲ್ಲಿನ ಹಾಗೆ, ಸಣ್ಣ ಸಣ್ಣ ಕೂದಲು.

ಐಸ್ ಕ್ರೀಮಿನ ಹಳೇ ಡಬ್ಬ ಒಂದಿತ್ತು. ಮೊಳೆ ಕಾಯಿಸಿ ತಳಕ್ಕೆ ಆರು ತೂತು ಹಾಕಿದೆ. ಹಿಂದಿನ ವರ್ಷ ಸತ್ತ ಗುಲಾಬಿ ಗಿಡದ ಕುಂಡದಿಂದ ಮಣ್ಣು ತುಂಬಿದೆ. ನೀರು ಸೋರಿ ಕಟ್ಟೆ ಹಾಳಾಗಬಾರದು ಅಂತ ಡಬ್ಬವನ್ನು ಊಟದ ತಟ್ಟೆಯೊಳಗೆ ಇಟ್ಟೆ. ಜುಲೈ 5ರಂದು 40 ಬೀಜ ಹಾಕಿ, ಅರ್ಧ ಸೆಂಟಿಮೀಟರ್ ಮಣ್ಣು ಮುಚ್ಚಿ, ನೀರು ಚಿಮುಕಿಸಿ, ಮುಚ್ಚಳ ಹಾಕಿದೆ. ಈ ಪ್ಯಾರಾದಲ್ಲಿ ಮೂರು ತಪ್ಪು ಇವೆ. ಆಗ ಒಂದೂ ಗೊತ್ತಿರಲಿಲ್ಲ.

ಆರನೇ ದಿನ ಬೆಳಗ್ಗೆ ಮುಚ್ಚಳ ತೆಗೆದರೆ ಮಣ್ಣಿನ ಮೇಲೆ ಬಿಳಿ ಕೊಕ್ಕೆಗಳು. ಟೊಮೆಟೊ ನೆಟ್ಟಗೆ ತಲೆ ಎತ್ತಿ ಬರುವುದಿಲ್ಲ. ಮೊದಲು ಕಾಂಡ ಬಗ್ಗಿಕೊಂಡು ಬೆನ್ನು ತೋರಿಸುತ್ತದೆ, ಆಮೇಲೆ ತಲೆಯನ್ನು ಮಣ್ಣಿನಿಂದ ಎಳೆದುಕೊಳ್ಳುತ್ತದೆ. ಮಧ್ಯಾಹ್ನದ ಹೊತ್ತಿಗೆ ಕೆಲವು ನೆಟ್ಟಗಾಗಿದ್ದವು. ಎರಡಕ್ಕೆ ಬೀಜದ ಸಿಪ್ಪೆ ಟೋಪಿಯ ಹಾಗೆ ತಲೆಯ ಮೇಲೇ ಉಳಿದಿತ್ತು. ಒಂದು ಹನಿ ನೀರು ಇಟ್ಟು, ಹತ್ತು ನಿಮಿಷ ಬಿಟ್ಟು, ಉಗುರಿನಿಂದ ಮೆಲ್ಲಗೆ ತೆಗೆದೆ. ಜುಲೈ 12ಕ್ಕೆ ಎಣಿಸಿದಾಗ 31 ಇದ್ದವು. ಮನೆಗೆ ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು.

ಮುಂದಿನ ಮೂರು ದಿನ ಸಸಿಗಳು ಓಡಿದವು. ಅದನ್ನು ಬೆಳವಣಿಗೆ ಅಂದುಕೊಂಡಿದ್ದೆ. ದಾರದಷ್ಟು ತೆಳು ಕಾಂಡ, ತಿಳಿ ಹಸಿರು, ಎಲ್ಲವೂ ಗಾಜಿನ ಕಡೆಗೆ ವಾಲಿದ್ದವು. ಡಬ್ಬ ತಿರುಗಿಸಿಟ್ಟರೆ ಸಂಜೆಯೊಳಗೆ ಮತ್ತೆ ಆ ಕಡೆಗೇ ಬಾಗುತ್ತಿದ್ದವು. ಅತ್ತೆ ಬೆಳಗ್ಗೆ ದೇವರ ಪೂಜೆ ಮುಗಿಸಿ ಒಂದು ಸಲ ನೀರು ಚಿಮುಕಿಸುತ್ತಿದ್ದರು. ಅವರು ಹಾಕಿದ್ದು ನನಗೆ ಗೊತ್ತಿಲ್ಲದೆ ನಾನು ಆಫೀಸಿನಿಂದ ಬಂದು ಇನ್ನೊಂದು ಸಲ. ರಾತ್ರಿ ಥಂಡಿ ಅಂತ ಮುಚ್ಚಳ.

15ರ ಬೆಳಗ್ಗೆ ಡಬ್ಬದ ನಡುವೆ ನಾಲ್ಕು ಸಸಿ ಮಲಗಿದ್ದವು.

ಬಾಡಿರಲಿಲ್ಲ. ಇದನ್ನು ಸರಿಯಾಗಿ ನೋಡಬೇಕು. ಎರಡೂ ಬೀಜದೆಲೆ ಹಸಿರಾಗಿ, ಬಿಗಿಯಾಗಿ, ಆಗ ತಾನೇ ಕಿತ್ತ ಹಾಗೆ ಇದ್ದವು. ಕೆಟ್ಟಿದ್ದು ಮಣ್ಣಿಗೆ ತಾಗುವ ಜಾಗ ಮಾತ್ರ. ಮಗನ ಭೂತಗನ್ನಡಿ ಇಟ್ಟು ನೋಡಿದೆ. ಅಕ್ಕಿಕಾಳಿನಷ್ಟು ಉದ್ದ ಕಾಂಡ ನೀರು ಕುಡಿದ ಕಾಗದದಂತೆ ಪಾರದರ್ಶಕವಾಗಿತ್ತು. ಅದರ ನಡುವೆ ಯಾರೋ ನೂಲು ಕಟ್ಟಿ ಬಿಗಿದ ಹಾಗೆ ಸೊಂಟ. ಮುಟ್ಟಿದರೆ ಬೆರಳಿಗೆ ಕಂದು ಲೋಳೆ. ಅದರ ಕೆಳಗೆ ಬೇರು ಬಿಳಿಯಾಗೇ ಇತ್ತು. ಕತ್ತು ಕೊಳೆತಿತ್ತು, ತಲೆಗೆ ಅದಿನ್ನೂ ಗೊತ್ತಾಗಿರಲಿಲ್ಲ.

ಮರುದಿನ ಹತ್ತು. ಅತ್ತೆ ಅರಿಶಿನ ಉದುರಿಸಿದರು. ನಾನು ಬೂದಿ ಉದುರಿಸಿದೆ. ನಿಲ್ಲಲಿಲ್ಲ. "ಕಂಡೋರ ಕಣ್ಣೆಲ್ಲ ಅದರ ಮೇಲೇ ಇತ್ತು, ಅಷ್ಟೊಂದು ಜನಕ್ಕೆ ಯಾಕೆ ತೋರಿಸ್ದೆ?" ಅಂತ ಅತ್ತೆ ಬೇಜಾರು ಮಾಡಿಕೊಂಡರು. ಯಜಮಾನರು, "ಅಂಗಡಿ ಹಣ್ಣಿನ ಬೀಜ ಎಲ್ಲಾದರೂ ನಿಲ್ಲುತ್ತಾ? ಎಲ್ಲಾ ಹೈಬ್ರಿಡ್ಡು," ಅಂದರು. 19ಕ್ಕೆ ಉಳಿದಿದ್ದು ನಾಲ್ಕು. ಐದು ದಿನದಲ್ಲಿ 27 ಹೋಗಿದ್ದವು.

ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ಇರುವುದು ಶ್ರೀನಿವಾಸಪುರದ ಕಡೆ ಊರಿನಲ್ಲಿ, ಟೊಮೆಟೊ ಬೆಳೆದೇ ನಮ್ಮನ್ನು ಓದಿಸಿದ್ದು. ಕೇಳಿ ಮೊದಲು ನಕ್ಕರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು.

"ಉಳಿದಿರೋ ನಾಲ್ಕು ಎಲ್ಲವೆ? ಒಂದೇ ಕಡೆನಾ, ಬೇರೆ ಬೇರೆನಾ?"

ನೋಡಿರಲೇ ಇಲ್ಲ. ಹೋಗಿ ನೋಡಿದೆ. ನಾಲ್ಕೂ ಒಂದೇ ಮೂಲೆಯಲ್ಲಿದ್ದವು. ಆ ಮೂಲೆಯಲ್ಲಿ ಡಬ್ಬಕ್ಕೆ ಬಿರುಕಿತ್ತು. ಕಾಯಿಸಿದ ಮೊಳೆ ಒತ್ತುವಾಗ ಆಗಿದ್ದು. ಅಲ್ಲಿಂದ ನೀರು ಹೊರಗೆ ಹೋಗುತ್ತಿತ್ತು, ಮಣ್ಣು ಬೇಗ ಆರುತ್ತಿತ್ತು. ಉಳಿದ ಕಡೆ ಮಣ್ಣಿನ ಮೇಲೆ ಹಸಿರು ಪಾಚಿಯ ಪೊರೆ.

"ಹಾಗಾದ್ರೆ ಬೀಜದ್ದೇನೂ ತಪ್ಪಿಲ್ಲ ಬಿಡಮ್ಮ," ಅಂದರು ಅಪ್ಪ. "ಒಟ್ಲು ಮಡಿಗೆ ಅಷ್ಟು ನೀರು ಯಾರು ಹಾಕ್ತಾರೆ? ಪೈರಿಗೆ ಬೆಳಗ್ಗೆ ನೀರು ಕೊಟ್ರೆ ಸಾಯಂಕಾಲಕ್ಕೆ ಮೇಲ್ಮಣ್ಣು ಆರಿರ್ಬೇಕು."

ಯಾರ ಮೇಲೆ ಅನುಮಾನ

ಬೀಜ, ಬೆಳಕು, ಮಣ್ಣು, ನೀರು. ಆರೋಪಿಗಳು ನಾಲ್ಕೇ. ಮನೆಯಲ್ಲಿ ಎಲ್ಲರೂ ಕೈ ತೋರಿಸಿದ್ದು ಮೊದಲನೆಯದರ ಕಡೆಗೆ. ಅದನ್ನು ಬಿಡಿಸುವುದು ಸುಲಭವಿತ್ತು. ಉಳಿದ ಬೀಜದಲ್ಲಿ ಹತ್ತನ್ನು ಒದ್ದೆ ಟಿಶ್ಯೂ ಕಾಗದದಲ್ಲಿ ಮಡಿಸಿ ಸ್ಟೀಲ್ ಡಬ್ಬಿಯಲ್ಲಿಟ್ಟು ಫ್ರಿಜ್ಜಿನ ಮೇಲಿಟ್ಟೆ. ಆರನೇ ದಿನಕ್ಕೆ ಒಂಬತ್ತು ಮೊಳೆತವು. ಬೀಜ ಕೆಟ್ಟಿದ್ದರೆ ಮೊಳೆಯುವುದೇ ಇಲ್ಲ. ಮೊಳೆತು, ಎಲೆ ಬಿಚ್ಚಿ, ವಾರ ನಿಂತು ಆಮೇಲೆ ಕತ್ತು ಕೊಳೆಯುವುದಕ್ಕೂ ಬೀಜ ಹೈಬ್ರಿಡ್ ಆಗಿರುವುದಕ್ಕೂ ಸಂಬಂಧ ಇಲ್ಲ.

ಹೈಬ್ರಿಡ್ ಮಾತು ಪೂರ್ತಿ ಸುಳ್ಳೂ ಅಲ್ಲ, ಅದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಎರಡು ತಳಿ ಕೂಡಿಸಿ ಮಾಡಿದ ಹೈಬ್ರಿಡ್ಡಿನ ಹಣ್ಣಿನಿಂದ ಬೀಜ ತೆಗೆದರೆ ಮುಂದಿನ ಗಿಡಗಳು ಒಂದೊಂದು ಒಂದೊಂದು ಥರ ಆಗುತ್ತವೆ. ತಾಯಿಗಿಡದ ರೋಗ ತಡೆಯುವ ಗುಣ ಕೆಲವಕ್ಕೆ ಬರುತ್ತದೆ, ಕೆಲವಕ್ಕೆ ಬರುವುದಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಇದಕ್ಕೆ ಒಳ್ಳೆ ಉದಾಹರಣೆ. ಎಲೆ ಮುದುಡು ರೋಗ, ಸೊರಗು ರೋಗ, ಅಂಗಮಾರಿ ಮೂರನ್ನೂ ತಡೆದುಕೊಳ್ಳುವ ಹೈಬ್ರಿಡ್ ಅದು. ಅದರ ಹಣ್ಣಿನ ಬೀಜ ಹಾಕಿ ಅದೇ ಶಕ್ತಿ ಬಯಸಿದರೆ ಸಿಗದು. ಅದೇ ಸಂಸ್ಥೆಯ ಅರ್ಕಾ ವಿಕಾಸ್ ಹೈಬ್ರಿಡ್ ಅಲ್ಲ, ಅದರಿಂದ ಬೀಜ ಉಳಿಸಿಕೊಳ್ಳಬಹುದು. ಇನ್ನು ಗಾಡಿಯವನು ನಾಟಿ ಅಂತ ಕೊಡುವ ಹುಳಿ ಟೊಮೆಟೊ ನಿಜಕ್ಕೂ ನಾಟಿಯೇ ಅನ್ನೋದು ಅವನ ನಂಬಿಕೆ, ಅಷ್ಟೇ. ನನಗೆ ಕೊನೆಗೆ ಬಂದ ಹಣ್ಣುಗಳನ್ನು ನೋಡಿದರೆ ಅಲ್ಲ. ಒಂದು ಗಿಡದಲ್ಲಿ ಚಪ್ಪಟೆ, ಇನ್ನೊಂದರಲ್ಲಿ ಮೊಟ್ಟೆಯಾಕಾರ, ಮತ್ತೊಂದರಲ್ಲಿ ನಿಂಬೆಯಷ್ಟು ಗುಂಡಗೆ.

ಬೆಳಕಿನ ಮೇಲಿನ ಅನುಮಾನಕ್ಕೆ ಫೋನಿನಲ್ಲಿ ಬೆಳಕು ಅಳೆಯುವ ಆ್ಯಪ್ ಹಾಕಿಕೊಂಡೆ. ಫೋನಿನ ಲೆಕ್ಕ ಪಕ್ಕಾ ಅಲ್ಲ, ಆದರೆ ಒಂದೇ ಫೋನಿನಲ್ಲಿ ಎರಡು ಜಾಗ ಹೋಲಿಸಲು ಸಾಕು. ಬೆಳಗ್ಗೆ ಹತ್ತಕ್ಕೆ, ಮೋಡ ಕವಿದಿದ್ದ ದಿನ, ಕಿಟಕಿಯಲ್ಲಿ 900 ಲಕ್ಸ್ ಆಸುಪಾಸು. ತಾರಸಿಯಲ್ಲಿ 20,000 ದಾಟಿತು. ನನ್ನ ಕಣ್ಣಿಗೆ ಅಡುಗೆಮನೆ ಬೆಳಕಾಗೇ ಇತ್ತು. ನಮ್ಮ ಕಣ್ಣು ಹೊಂದಿಕೊಂಡು ಬಿಡುತ್ತದೆ, ಗಿಡಕ್ಕೆ ಆ ಅನುಕೂಲ ಇಲ್ಲ. ಬೆಳಕು ಕಡಿಮೆಯಾದರೆ ಅದು ಇನ್ನೂ ಮಣ್ಣಿನೊಳಗೋ, ಯಾವುದೋ ನೆರಳಿನ ಕೆಳಗೋ ಇದ್ದೇನೆ ಅಂದುಕೊಂಡು ಕಾಂಡವನ್ನು ಉದ್ದ ಮಾಡುತ್ತಾ ಹೋಗುತ್ತದೆ. ದಪ್ಪ ಮಾಡಲು ಅದರ ಹತ್ತಿರ ಸಾಮಾನಿಲ್ಲ. ನಾನು ಹೆಮ್ಮೆಪಟ್ಟ ಓಟ ಇದೇ.

ಆದರೆ ನೀಳ ಕಾಂಡ ಬಗ್ಗುತ್ತದೆ, ಬೀಳುತ್ತದೆ. ತಾನಾಗಿ ಕೊಳೆಯುವುದಿಲ್ಲ. ಕೊಳೆಸಿದವರು ಬೇರೆ.

ಕೃಷಿಯವರು ಇದನ್ನು ಸಸಿ ಸಾಯುವ ರೋಗ ಅನ್ನುತ್ತಾರೆ, ಇಂಗ್ಲಿಷಿನಲ್ಲಿ ಡ್ಯಾಂಪಿಂಗ್ ಆಫ್. ಪಿಥಿಯಂ, ರೈಜೊಕ್ಟೋನಿಯಾ ಇದರ ಮುಖ್ಯ ಕಾರಣಗಳು, ಎರಡೂ ಮಣ್ಣಿನಲ್ಲೇ ಇರುವಂಥವು. ಯಾವುದು ಅಂತ ಬರಿಗಣ್ಣಿನಲ್ಲಿ ಹೇಳಲು ಬರುವುದಿಲ್ಲ. ಪಿಥಿಯಂ ಅಸಲಿಗೆ ಶಿಲೀಂಧ್ರವೇ ಅಲ್ಲ, ನೀರಿನ ಬೂಸ್ಟಿನ ಜಾತಿ. ಅದರ ಬೀಜಕಣಗಳಿಗೆ ಬಾಲ ಇರುತ್ತದೆ, ಮಣ್ಣಿನ ಕಣಗಳ ನಡುವೆ ನಿಂತ ನೀರಿನಲ್ಲಿ ಈಜಿಕೊಂಡು ಬೇರಿನವರೆಗೆ ಹೋಗುತ್ತವೆ. ಡಬ್ಬದ ನಡುವಿನಿಂದ ಶುರುವಾಗಿ ವೃತ್ತದ ಹಾಗೆ ಹೊರಗೆ ಹರಡಿದ್ದು ಯಾಕೆ ಅಂತ ಈಗ ಅರ್ಥವಾಯಿತು. ತಟ್ಟೆಯಲ್ಲಿ ನೀರು ನಿಲ್ಲಿಸಿ ನಾನೇ ಈಜುಕೊಳ ಕಟ್ಟಿಕೊಟ್ಟಿದ್ದೆ.

ಇನ್ನೊಂದು. ಈ ರೋಗ ಎಳೆ ಕಾಂಡಕ್ಕೆ ಮಾತ್ರ ಹೀಗೆ ಮಾಡಬಲ್ಲದು. ಕಾಂಡ ಗಟ್ಟಿಯಾಗಿ ನಾಲ್ಕೈದು ಎಲೆ ಬಂದ ಮೇಲೆ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಬೆಳಕಿಲ್ಲದೆ ನನ್ನ ಸಸಿಗಳು ಗಟ್ಟಿಯಾಗಲೇ ಇಲ್ಲ, ಎಳೆಯ ವಯಸ್ಸೇ ಮುಗಿಯಲಿಲ್ಲ. ಅಂದರೆ ಕಿಟಕಿಯೂ ನಿರಪರಾಧಿ ಅಲ್ಲ.

ಅಪ್ಪನ ಒಟ್ಲು

ಒಟ್ಲು ಅಂದರೆ ಸಸಿ ಎಬ್ಬಿಸುವ ಮಡಿ. ಈಗ ನಮ್ಮೂರಿನಲ್ಲಿ ಅದನ್ನು ಯಾರೂ ಹಾಕುವುದಿಲ್ಲ. ನರ್ಸರಿಯಲ್ಲಿ 98 ಗುಳಿಯ ಪ್ಲಾಸ್ಟಿಕ್ ಟ್ರೇಗಳಲ್ಲಿ ತೆಂಗಿನ ನಾರಿನ ಪುಡಿ ತುಂಬಿ, ಬಲೆ ಮನೆಯೊಳಗೆ ಸಸಿ ಮಾಡುತ್ತಾರೆ. ರೈತರು ಮುಂಗಡ ಕೊಟ್ಟು, 25 ದಿನದ ಸಸಿಯನ್ನು ಟೆಂಪೋದಲ್ಲಿ ತಂದು ನೆಡುತ್ತಾರೆ. ಆದರೆ ನಾನು ಚಿಕ್ಕವಳಿದ್ದಾಗ ಬಾವಿಯ ಪಕ್ಕ ಅಪ್ಪ ಮಡಿ ಮಾಡುತ್ತಿದ್ದದ್ದು ನೆನಪಿದೆ. ಮಾತಾಡುತ್ತಾ ಹೋದಂತೆ ಒಂದೊಂದೇ ನೆನಪಾಯಿತು.

ಮಡಿಯನ್ನು ನೆಲಕ್ಕಿಂತ ಒಂದು ಗೇಣಾದರೂ ಎತ್ತರಿಸುತ್ತಿದ್ದರು. ನೀರು ನಿಲ್ಲಬಾರದು ಅಂತ. ಅದರ ಮೇಲೆ ಒಣ ಸೊಪ್ಪು, ಹೊಟ್ಟು ಹರಡಿ ಬೆಂಕಿ ಹಾಕುತ್ತಿದ್ದರು. ಕಳೆ ಬೀಜ ಸಾಯಲಿ ಅಂತ ನಾವು ಅಂದುಕೊಂಡಿದ್ದೆವು. ಅದರ ಜೊತೆಗೆ ಮೇಲ್ಮಣ್ಣಿನ ರೋಗವೂ ಸಾಯುತ್ತಿತ್ತು. ಬೀಜವನ್ನು ಸಾಲಿನಲ್ಲಿ, ತೆಳುವಾಗಿ ಹಾಕುತ್ತಿದ್ದರು. ಮೇಲೆ ಹುಲ್ಲು ಮುಚ್ಚುತ್ತಿದ್ದರು. ಮೊಳಕೆ ಕಂಡ ದಿನವೇ, ಸಾಯಂಕಾಲ, ಹುಲ್ಲು ತೆಗೆದು ಬಿಸಾಡುತ್ತಿದ್ದರು. ಒಂದು ದಿನ ತಡವಾದರೆ ಅಜ್ಜಿಯಿಂದ ಬೈಗುಳ.

ನಾನು ಮಾಡಿದ್ದನ್ನು ಪಕ್ಕಕ್ಕಿಟ್ಟು ನೋಡಿ. ಎತ್ತರದ ಮಡಿಯ ಬದಲು ತಟ್ಟೆಯಲ್ಲಿ ಕೂತ ಡಬ್ಬ. ಸುಟ್ಟ ಮಣ್ಣಿನ ಬದಲು ಗುಲಾಬಿ ಸತ್ತ ಮಣ್ಣು. ತೆಳುವಾಗಿ ಹಾಕುವ ಬದಲು ಒಂದು ಡಬ್ಬಕ್ಕೆ 40 ಬೀಜ. ಮೊಳಕೆ ಬಂದ ದಿನ ತೆಗೆಯಬೇಕಾದ ಮುಚ್ಚಳವನ್ನು ಹತ್ತು ದಿನ ಹಾಕಿದ್ದು. ಅಪ್ಪನ ಮಗಳು ಅಂತ ಹೇಳಿಕೊಳ್ಳಲು ನಾಚಿಕೆ.

ಆದರೂ ಒಂದು ಪ್ರಶ್ನೆ ಉಳಿಯಿತು. ಇಷ್ಟೆಲ್ಲಾ ತಪ್ಪಿನಲ್ಲಿ ನಿಜವಾಗಿ ಕೊಂದದ್ದು ಯಾವುದು? ಎಲ್ಲವನ್ನೂ ಒಟ್ಟಿಗೆ ಸರಿ ಮಾಡಿದರೆ ಸಸಿ ಬದುಕುತ್ತದೆ, ಕಾರಣ ತಿಳಿಯುವುದಿಲ್ಲ.

ನಾಲ್ಕು ಡಬ್ಬ

ಜುಲೈ 26ರಂದು ಒಂದೇ ಅಳತೆಯ ನಾಲ್ಕು ಡಬ್ಬ, ಒಂದೊಂದಕ್ಕೆ 12 ಬೀಜ, ಅದೇ ಹಣ್ಣಿನವು. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಒಂದೊಂದೇ ಹೆಜ್ಜೆ ಬದಲಾಯಿಸಬೇಕು ಅಂತ ಲೆಕ್ಕ ಹಾಕಿದೆ.

ಮೊದಲನೆಯದು ಹಿಂದಿನ ಹಾಗೇ. ಹಳೇ ಮಣ್ಣು, ತಟ್ಟೆ, ಮುಚ್ಚಳ, ಎರಡು ಹೊತ್ತು ನೀರು, ಕಿಟಕಿ. ಎರಡನೆಯದಕ್ಕೂ ಅದೇ ಮಣ್ಣು, ಅದೇ ಕಿಟಕಿ. ಆದರೆ ತಟ್ಟೆ ಇಲ್ಲ, ಮೊಳಕೆ ಕಂಡ ಕೂಡಲೇ ಮುಚ್ಚಳ ಇಲ್ಲ, ಮೇಲ್ಮಣ್ಣು ಆರಿದ ಮೇಲೆ ಬೆಳಗ್ಗೆ ಮಾತ್ರ ನೀರು. ಮೂರನೆಯದಕ್ಕೆ ನೀರು ಎರಡನೆಯದರ ಹಾಗೆ, ಜಾಗ ಕಿಟಕಿಯೇ, ಮಣ್ಣಿನ ಬದಲು ಹೊಸ ಮಿಶ್ರಣ. ನಾಲ್ಕನೆಯದು ಮೂರನೆಯದರ ಹಾಗೇ, ಆದರೆ ಮೊಳೆತ ದಿನ ತಾರಸಿಗೆ. ಮಳೆ ನೇರ ಬೀಳದಂತೆ ಮೇಲೊಂದು ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ನಾಲ್ಕೂ ಕಡೆ ಗಾಳಿಗೆ ಬಿಟ್ಟು.

ಹೊಸ ಮಿಶ್ರಣ ಅಂದರೆ ಎರಡು ಪಾಲು ಕೋಕೋಪೀಟ್ (ಅದೇ ತೆಂಗಿನ ನಾರಿನ ಪುಡಿ), ಒಂದು ಪಾಲು ಎರೆಗೊಬ್ಬರ. ಕೋಕೋಪೀಟ್ ಇಟ್ಟಿಗೆಯನ್ನು ನೆನೆಸಿ, ಹಿಂಡಿ, ಮತ್ತೆ ನೆನೆಸಿ ಎರಡು ಸಲ ತೊಳೆದೆ. ತೆಂಗಿನ ನಾರಿನಲ್ಲಿ ಉಪ್ಪಿನಂಶ ಉಳಿದಿರಬಹುದು. ಮೊದಲ ಸಲ ಹಿಂಡಿದ ನೀರು ಕಾಫಿ ಡಿಕಾಕ್ಷನ್ ಬಣ್ಣಕ್ಕಿತ್ತು, ಎರಡನೇ ಸಲ ತೆಳು ಟೀ. ಕೋಕೋಪೀಟಿನಲ್ಲಿ ಗಿಡಕ್ಕೆ ಆಹಾರ ಅಂತ ಹೇಳಿಕೊಳ್ಳುವಂಥದ್ದು ಇಲ್ಲ, ಅದಕ್ಕೇ ಎರೆಗೊಬ್ಬರ. ಟ್ರೈಕೋಡರ್ಮಾ ಪುಡಿ ಬೇಕೆಂದೇ ಹಾಕಲಿಲ್ಲ. ಅದು ರೋಗದ ಶಿಲೀಂಧ್ರವನ್ನು ತಿಂದು ಹಾಕುವ ಒಳ್ಳೆಯ ಶಿಲೀಂಧ್ರ, ಬಿತ್ತುವ ಮೊದಲೇ ಹಾಕಿದರೆ ಸಹಾಯ ಆಗುತ್ತದೆ. ಆದರೆ ಅದನ್ನೂ ಸೇರಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುತ್ತಿರಲಿಲ್ಲ.

ನೀರಿನ ವಿಷಯದಲ್ಲಿ ಕೋಕೋಪೀಟ್ ಮೋಸ ಮಾಡುತ್ತದೆ. ಮೇಲೆ ತಿಳಿ ಕಂದು ಬಣ್ಣಕ್ಕೆ ಒಣಗಿದ ಹಾಗೆ ಕಾಣುತ್ತದೆ, ಬೆರಳು ಒಂದಿಂಚು ಇಳಿಸಿದರೆ ಒಳಗೆ ತೇವ. ಮೂರು ದಿನ ಮೋಸ ಹೋದ ಮೇಲೆ ಡಬ್ಬ ಎತ್ತಿ ತೂಕ ನೋಡುವುದು ಕಲಿತೆ. ನೀರು ಕುಡಿದ ಡಬ್ಬ ಮೊಸರಿನ ಡಬ್ಬದಷ್ಟು ಭಾರ. ನೀರು ಬೇಕಾದಾಗ ಖಾಲಿ ಡಬ್ಬದಂತೆ ಹಗುರ. ಕೈಗೆ ಎರಡೇ ದಿನದಲ್ಲಿ ಅಭ್ಯಾಸ ಆಗುತ್ತದೆ. ಮೇಲಿಂದ ಚಿಮುಕಿಸುವುದು ಬಿಟ್ಟೆ. ಡಬ್ಬವನ್ನು ನೀರಿನ ಬಟ್ಟಲಿನಲ್ಲಿ ಹತ್ತು ನಿಮಿಷ ಇಟ್ಟು, ಕೆಳಗಿನಿಂದ ಹೀರಿಕೊಂಡ ಮೇಲೆ ಎತ್ತಿ ಸೋರಲು ಬಿಡುತ್ತಿದ್ದೆ. ಮುಖ್ಯವಾದದ್ದು ಆಮೇಲೆ ಎತ್ತುವುದು.

ಅತ್ತೆಗೆ ಮೊದಲ ಡಬ್ಬವನ್ನು ಪೂರ್ತಿ ಒಪ್ಪಿಸಿದೆ. "ಇದು ನಿಮ್ಮದು, ಎಷ್ಟು ಬೇಕಾದ್ರೂ ನೀರು ಹಾಕಿ," ಅಂದೆ. ಹಾಗೆ ಮಾಡಿದ್ದು ಸ್ವಲ್ಪ ಕುತಂತ್ರವೇ. ಆಮೇಲೆ ಕ್ಷಮೆ ಕೇಳಿದೆ.

ಬಿತ್ತಿ 21 ದಿನ ಆದ ಮೇಲೆ, ಆಗಸ್ಟ್ 16ರಂದು ಎಣಿಸಿದೆ. ಮೊದಲ ಡಬ್ಬದಲ್ಲಿ ಹತ್ತು ಮೊಳೆತು ಎರಡು ಉಳಿದಿದ್ದವು. ಎರಡನೆಯದರಲ್ಲಿ ಒಂಬತ್ತು ಮೊಳೆತು ಆರು. ಮೂರನೆಯದರಲ್ಲಿ ಹನ್ನೊಂದು ಮೊಳೆತು ಹನ್ನೊಂದೂ ಇದ್ದವು, ಆದರೆ ಹನ್ನೊಂದು ಸೆಂಟಿಮೀಟರ್ ಉದ್ದದ ನೀಳಕಾಯರು. ನಾಲ್ಕನೆಯದರಲ್ಲಿ ಹತ್ತು ಮೊಳೆತು ಒಂಬತ್ತು. ಒಂದನ್ನು ಪಾರಿವಾಳ ತುಳಿದಿತ್ತು. ಆ ಒಂಬತ್ತರ ಎತ್ತರ ಐದಾರು ಸೆಂಟಿಮೀಟರ್ ಅಷ್ಟೇ, ಕಾಂಡದ ಬುಡ ನೇರಳೆ ಬಣ್ಣ, ಬೆಳಕಿಗೆ ಹಿಡಿದರೆ ಕಾಂಡದ ತುಂಬ ಬಿಳಿ ಕೂದಲು. ಅಸಲಿ ಎಲೆ ಎರಡು ಜೋಡಿ ಬಂದಿದ್ದವು. ಮುಟ್ಟಿದರೆ ಬೆರಳಿಗೆ ಆ ಟೊಮೆಟೊ ಗಿಡದ ವಾಸನೆ, ಘಾಟು ಘಾಟಾಗಿ. ಕಿಟಕಿಯ ಸಸಿಗಳಿಗೆ ಈ ವಾಸನೆ ಕಡಿಮೆಯೇ ಅನ್ನಿಸಿತು, ಬಹುಶಃ ನನ್ನ ಭ್ರಮೆ.

ಇದರಿಂದ ಏನು ಹೇಳಬಹುದು? ಮೊದಲ ಮತ್ತು ಎರಡನೇ ಡಬ್ಬದ ನಡುವೆ ಬದಲಾಗಿದ್ದು ನೀರು ಮತ್ತು ಗಾಳಿ ಮಾತ್ರ. ಅಷ್ಟಕ್ಕೇ ಎರಡು ಆರಾಯಿತು. ಅದೇ ರೋಗದ ಮಣ್ಣಿನಲ್ಲಿ, ಅದೇ ಕತ್ತಲೆ ಕಿಟಕಿಯಲ್ಲಿ. ಮೊಳೆತ ಮೇಲೆ ಸತ್ತವನ್ನು ಲೆಕ್ಕ ಹಾಕಿದರೆ ಎರಡು ಮತ್ತು ಮೂರರ ನಡುವಿನ ವ್ಯತ್ಯಾಸ ಮೂರೇ ಸಸಿ. ಹನ್ನೆರಡು ಬೀಜದ ಲೆಕ್ಕದಲ್ಲಿ ಮೂರು ಸಸಿ ಸುಮ್ನೆ ಅದೃಷ್ಟದಿಂದಲೂ ಹೆಚ್ಚು ಕಡಿಮೆ ಆಗಬಹುದು, ಹಾಗಾಗಿ ಹಳೇ ಮಣ್ಣಿನ ಮೇಲೆ ನಾನು ಗಟ್ಟಿಯಾಗಿ ಆರೋಪ ಹೊರಿಸಲಾರೆ. ಐದನೇ ಡಬ್ಬ ಒಂದು ಇಡಬೇಕಿತ್ತು, ಹೊಸ ಮಿಶ್ರಣಕ್ಕೆ ಹಳೇ ಥರ ಎರಡು ಹೊತ್ತು ನೀರು ಹಾಕಿ. ಆಗ ಮಣ್ಣಿನ ಪಾಲು ಎಷ್ಟು ಅಂತ ಬಿಡಿಸಬಹುದಿತ್ತು. ಹೊಳೆಯಲಿಲ್ಲ. ಬೆಳಕಿನ ಪಾತ್ರ ಮಾತ್ರ ಮೂರು ಮತ್ತು ನಾಲ್ಕನ್ನು ಅಕ್ಕಪಕ್ಕ ಇಟ್ಟರೆ ಯಾರಿಗಾದರೂ ಕಾಣುತ್ತದೆ. ಒಂದೇ ಹಣ್ಣಿನ ಬೀಜ ಅಂದರೆ ನಂಬುವುದಿಲ್ಲ.

ಆಮೇಲೆ ಆಗಿದ್ದು

ನೀಳ ಸಸಿಗಳನ್ನು ಬಿಸಾಡಬೇಕು ಅಂತಿದ್ದೆ. ಅಪ್ಪ ಬೇಡ ಅಂದರು. ಟೊಮೆಟೊದ ಕಾಂಡಕ್ಕೆ ಒಂದು ವರ ಇದೆ, ಮಣ್ಣಿಗೆ ತಾಗಿದ ಕಡೆಯೆಲ್ಲ ಬೇರು ಬಿಡುತ್ತದೆ. ಬದನೆ, ಮೆಣಸಿನಕಾಯಿಗೆ ಈ ಗುಣ ಇಷ್ಟು ಜೋರಾಗಿಲ್ಲ.

ಇಲ್ಲೂ ಒಂದು ಎಡವಟ್ಟು ಮಾಡಿದೆ. ಹನ್ನೊಂದು ಸಸಿಗಳ ಆ ಡಬ್ಬವನ್ನು ಕಿಟಕಿಯಿಂದ ಎತ್ತಿಕೊಂಡು ಹೋಗಿ ನೇರ ಬಿಸಿಲಿಗೆ ಇಟ್ಟೆ. ಆ ದಿನವೇ ಮೋಡ ಸರಿದು ಬಿಸಿಲು ಬರಬೇಕೇ. ಸಂಜೆಗೆ ಮೂರು ಸಸಿಗಳ ಎಲೆ ಸುಣ್ಣ ಬಳಿದಂತೆ ಬಿಳಿಚಿ, ಕಾಗದವಾಗಿತ್ತು. ಕತ್ತಲಲ್ಲಿ ಬೆಳೆದ ಎಲೆಗೆ ಬಿಸಿಲು ತಡೆಯುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಉಳಿದ ಎಂಟನ್ನು ವಾರ ಪೂರ್ತಿ ಅಭ್ಯಾಸ ಮಾಡಿಸಿದೆ. ಮೊದಲ ದಿನ ಬೆಳಗಿನ ಒಂದು ಗಂಟೆ, ಆಮೇಲೆ ಎರಡು, ಹೀಗೆ.

ಸೆಪ್ಟೆಂಬರ್ ಮೊದಲ ವಾರ 12 ಗ್ರೋ ಬ್ಯಾಗಿಗೆ ನಾಟಿ. ಆರು ನೀಳದವು, ಆರು ಗಿಡ್ಡದವು. ಸಸಿಯನ್ನು ಎತ್ತುವಾಗ ಎಲೆ ಹಿಡಿದುಕೊಳ್ಳಬೇಕು, ಕಾಂಡ ಹಿಡಿಯಬಾರದು. ಎಲೆ ಹರಿದರೆ ಇನ್ನೊಂದು ಬರುತ್ತದೆ, ಕಾಂಡ ಜಜ್ಜಿದರೆ ಬೇರೆ ಕಾಂಡ ಇಲ್ಲ. ಐಸ್ ಕ್ರೀಂ ಕಡ್ಡಿಯಿಂದ ಬೇರಿನ ಕೆಳಗಿನಿಂದ ಮೀಟಿ ಎತ್ತಿದೆ. ಗಿಡ್ಡದವನ್ನು ಇದ್ದಷ್ಟೇ ಆಳಕ್ಕೆ, ನೀಳದವನ್ನು ಬೀಜದೆಲೆಯವರೆಗೂ ಹೂತೆ.

ಹೂ ಬಂದದ್ದು ಗಿಡ್ಡದವಕ್ಕೆ ಮೊದಲು, ಹತ್ತು ದಿನ ಮುಂಚೆ. ಅಕ್ಟೋಬರಿನಲ್ಲಿ ಮೂರು ಗಿಡಕ್ಕೆ ಎಲೆ ಮುದುಡು ರೋಗ ಬಂತು. ಬಿಳಿ ನೊಣ ತರುವ ವೈರಸ್ ಅದು, ಬಂದ ಮೇಲೆ ಔಷಧಿ ಇಲ್ಲ. ಕಿತ್ತು ಕವರಿಗೆ ಹಾಕಿ ಕಸಕ್ಕೆ ಕೊಟ್ಟೆ. ಸಸಿ ಎಷ್ಟು ಎಳೆಯದಿದ್ದಾಗ ನೊಣ ಕೂರುತ್ತದೋ ನಷ್ಟ ಅಷ್ಟು ಜಾಸ್ತಿ, ಅದಕ್ಕೇ ನರ್ಸರಿಯವರು ಸೊಳ್ಳೆ ಪರದೆಗಿಂತ ಸಣ್ಣ ಕಣ್ಣಿನ ಬಲೆ ಕಟ್ಟುವುದು. ಈಗ ನಾನೂ ಒಂದು ಮೀಟರ್ ತಂದಿಟ್ಟುಕೊಂಡಿದ್ದೇನೆ.

ಉಳಿದ ಒಂಬತ್ತರಿಂದ ನವೆಂಬರ್ ಮಧ್ಯದಿಂದ ಹಣ್ಣು ಬರಲು ಶುರುವಾಗಿ, ಎಲ್ಲಾ ಸೇರಿ 13 ಕೆಜಿ ಚಿಲ್ಲರೆ ಸಿಕ್ಕಿತು. ಮಾರುಕಟ್ಟೆಯಲ್ಲಿ ಬೆಲೆ ಸೆಪ್ಟೆಂಬರಿನಲ್ಲೇ ಕುಸಿದಿತ್ತು. ಗ್ರೋ ಬ್ಯಾಗು, ಗೊಬ್ಬರ, ಕೋಕೋಪೀಟಿನ ಖರ್ಚು ಯಜಮಾನರು ಇನ್ನೂ ನೆನಪಿಸುತ್ತಾರೆ. ಅಪ್ಪ ಮಾತ್ರ ಬೆಲೆಯ ಸುದ್ದಿ ಎತ್ತಲಿಲ್ಲ. ಬೆಲೆ ಇದ್ದಾಗ ಬೆಳೆ ಇಲ್ಲ, ಬೆಳೆ ಬಂದಾಗ ಬೆಲೆ ಇಲ್ಲ ಅನ್ನೋದು ಅವರಿಗೆ ಹೊಸದಲ್ಲ.

ಫೆಬ್ರವರಿಯಲ್ಲಿ ಮುಗಿದ ಗಿಡಗಳನ್ನು ಕೀಳುವಾಗ ಬೇರು ತೊಳೆದು ನೋಡಿದೆ. ಹೂತಿಟ್ಟ ನೀಳ ಕಾಂಡದ ಉದ್ದಕ್ಕೂ, ಬಾಟಲಿ ತೊಳೆಯುವ ಬ್ರಷ್ಷಿನ ಹಾಗೆ, ಸುತ್ತಲೂ ಬೇರು. ಹಳೆಯ ತಾಯಿಬೇರು ಅದರ ಕೆಳಗೆ ಎಲ್ಲೋ ಒಂದು ದಾರ.

ಬಿಡಿಸದೆ ಉಳಿದಿದ್ದು ಗುಲಾಬಿ ಸತ್ತ ಮಣ್ಣು. ಅದನ್ನು ಬಿಸಾಡಿರಲಿಲ್ಲ. 2024ರ ಏಪ್ರಿಲ್‌ನಲ್ಲಿ ಬೆಂಗಳೂರು ಕಾದ ಕಾವಲಿಯಾಗಿತ್ತಲ್ಲ, ಆಗ ಆ ಮಣ್ಣನ್ನು ತಾರಸಿಯಲ್ಲಿ ನಾಲ್ಕು ಬೆರಳು ದಪ್ಪಕ್ಕೆ ಹರಡಿ, ನೀರು ಚಿಮುಕಿಸಿ ಒದ್ದೆ ಮಾಡಿ, ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ಅಂಚಿಗೆಲ್ಲ ಇಟ್ಟಿಗೆ ಇಟ್ಟೆ. ಒದ್ದೆ ಮಣ್ಣು ಶಾಖವನ್ನು ಒಳಗೆ ಒಯ್ಯುತ್ತದೆ, ಒಣ ಮಣ್ಣು ಅಷ್ಟಾಗಿ ಒಯ್ಯುವುದಿಲ್ಲ. ಕಪ್ಪು ಹಾಳೆಗಿಂತ ಪಾರದರ್ಶಕ ಹಾಳೆ ಮಣ್ಣನ್ನು ಜಾಸ್ತಿ ಕಾಯಿಸುತ್ತದೆ. ಐದು ವಾರ ಬಿಟ್ಟೆ. ಮಧ್ಯಾಹ್ನ ಹಾಳೆಯ ಅಂಚು ಎತ್ತಿದರೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಹಬೆ ಮುಖಕ್ಕೆ ಹೊಡೆಯುತ್ತಿತ್ತು.

ಜೂನ್‌ನಲ್ಲಿ ಆ ಮಣ್ಣನ್ನು ಅದೇ ಹಳೇ ಐಸ್ ಕ್ರೀಂ ಡಬ್ಬಕ್ಕೆ ತುಂಬಿ, ಉಳಿದಿದ್ದ ಬೀಜದಲ್ಲಿ ಹನ್ನೆರಡು ಹಾಕಿದೆ. ಈ ಸಲ ತಾರಸಿಯಲ್ಲಿ, ತಟ್ಟೆ ಇಲ್ಲದೆ. ಹನ್ನೊಂದು ಮೊಳೆತವು, ಹತ್ತು ನಿಂತವು. ಡಬ್ಬದ ಮೂಲೆಯ ಬಿರುಕನ್ನು ಅಂಟಿಸಿಲ್ಲ. ಉಳಿದ ಮೂರು ಮೂಲೆಗೂ ಚಾಕು ಕಾಯಿಸಿ ಅಂಥದ್ದೇ ಬಿರುಕು ಹಾಕಿದ್ದೇನೆ.